ಹಳೆಯ ಚಿತ್ರಗಳ ಹೋಮ್ ವಿಡಿಯೊ: ಹೊದಿಕೆಯ ಮೇಲಿನ ದಾರಿತಪ್ಪಿಸುವ ಹೇಳಿಕೆಗಳು

ಚಿತ್ರಮಂದಿರದಲ್ಲಿ ತೆರೆಕಂಡ ಚಲನಚಿತ್ರವನ್ನು ಮನೆಯಲ್ಲಿ ನೋಡಲು ಕ್ಯಾಸೆಟ್, ಲೇಸರ್ ಡಿಸ್ಕ್, ವಿಸಿಡಿ, ಡಿವಿಡಿ, ಬ್ಲೂ-ರೇ ರೂಪಗಳಲ್ಲಿ ಮಾರುವುದಕ್ಕೆ ಹೋಮ್ ವಿಡಿಯೊ ಎಂದು ಹೆಸರು. ಹೆಸರಾಂತ ಹಳೆಯ ಚಿತ್ರಗಳನ್ನು ಹೀಗೆ ಮತ್ತೆ ಮತ್ತೆ ಹೊರತರುವಾಗ ಹೊದಿಕೆಯ ಮೇಲೆ ‘ಡಿಜಿಟಲಿ ರೀಮಾಸ್ಟರ್ಡ್’, ‘4ಕೆ ರೆಸ್ಟೋರೇಶನ್’, ‘ವೈಡ್‌ಸ್ಕ್ರೀನ್’, ‘ಕಂಪ್ಲೀಟ್’, ‘ಡೈರೆಕ್ಟರ್ಸ್ ಕಟ್’ ಮೊದಲಾದ ಮಾತುಗಳು ಅಚ್ಚಾಗಿರುತ್ತವೆ. ಇವುಗಳಲ್ಲಿ ಹಸಿ ಸುಳ್ಳು ಅಪರೂಪ. ಹೆಚ್ಚಿನವು ಒಂದು ಅರ್ಥದಲ್ಲಿ ನಿಜವಾಗಿದ್ದು, ಕೊಳ್ಳುವವರು ಬೇರೊಂದು ಅರ್ಥ ಮಾಡಿಕೊಳ್ಳುವ ಹಾಗೆ ಜೋಡಿಸಿದಂಥವು. ಮೂಲ ನೆಗೆಟಿವ್‌ನಿಂದ ಹಿಡಿದು ಡಿಸ್ಕ್‌ವರೆಗಿನ ಹಲವು ಹಂತಗಳಲ್ಲಿ ಯಾವುದೋ ಒಂದರಲ್ಲಿ ನಡೆದ ಕೆಲಸವನ್ನು ಇಡೀ ಚಿತ್ರದ ಗುಣವೆಂಬಂತೆ ಹೇಳುವುದು ಇವುಗಳ ಸಾಮಾನ್ಯ ರೀತಿ.

ಇದು ಗ್ರಾಹಕರ ಹಣಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. 1950ರ ದಶಕದ ಚಿತ್ರವನ್ನು ಇಂದು ಫಿಲಂ ಪ್ರಿಂಟಿನಲ್ಲಿ ನೋಡುವ ಅವಕಾಶ ಇರುವವರು ಬಹಳ ಕಡಿಮೆ. ಉಳಿದ ಎಲ್ಲರಿಗೂ, ಚಲನಚಿತ್ರ ಕಲಿಯುವ ವಿದ್ಯಾರ್ಥಿಗಳಿಗೂ ವಿಮರ್ಶಕರಿಗೂ, ಡಿಸ್ಕ್‌ನಲ್ಲಿ ಇರುವುದೇ ಆ ಚಿತ್ರ. ಅದರ ಚೌಕಟ್ಟು ಕತ್ತರಿಸಿದ್ದರೆ, ಬಣ್ಣ ಬದಲಾಗಿದ್ದರೆ, ಶಬ್ದ ಹೊಸದಾಗಿದ್ದರೆ ಆ ಬದಲಾದ ರೂಪವೇ ಚಿತ್ರದ ಚರಿತ್ರೆಯಾಗಿ ನೆಲೆಯೂರುತ್ತದೆ. ಬದಲಾಯಿಸಿದ್ದನ್ನು ಹೊದಿಕೆ ತಿಳಿಸದಿದ್ದಾಗ ಆಗುವ ದೊಡ್ಡ ಹಾನಿ ಇದು.

ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ 1975ರಲ್ಲೂ ಜೆವಿಸಿಯ ವಿಎಚ್‌ಎಸ್ 1976ರಲ್ಲೂ ಬಂದವು. 1977ರಲ್ಲಿ ಅಮೆರಿಕದ ಮ್ಯಾಗ್ನೆಟಿಕ್ ವಿಡಿಯೊ ಎಂಬ ಸಣ್ಣ ಕಂಪನಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್ ಮಾರಾಟಕ್ಕಿಳಿಯಿತು. ಲೇಸರ್ ಡಿಸ್ಕ್ 1978ರಲ್ಲಿ, ಡಿವಿಡಿ ಜಪಾನಿನಲ್ಲಿ 1996ರಲ್ಲಿ, ಬ್ಲೂ-ರೇ 2006ರಲ್ಲಿ, ಅಲ್ಟ್ರಾ ಎಚ್‌ಡಿ ಬ್ಲೂ-ರೇ 2016ರಲ್ಲಿ ಮಾರುಕಟ್ಟೆಗೆ ಬಂದವು. ಪ್ರತಿ ಹೊಸ ಮಾಧ್ಯಮವೂ ಅದೇ ಚಿತ್ರವನ್ನು ಅದೇ ಅಭಿಮಾನಿಗೆ ಇನ್ನೊಮ್ಮೆ ಮಾರುವ ಅವಕಾಶ. ಈಗಾಗಲೇ ಮನೆಯಲ್ಲಿರುವ ಚಿತ್ರವನ್ನು ಮತ್ತೆ ಏಕೆ ಕೊಳ್ಳಬೇಕು ಎಂಬುದಕ್ಕೆ ಹೊದಿಕೆ ಒಂದು ಕಾರಣ ಕೊಡಲೇಬೇಕಾಯಿತು. ಹೇಳಿಕೆಗಳು ಹುಟ್ಟಿದ್ದು ಈ ಒತ್ತಡದಿಂದ.

ಚೌಕಟ್ಟು

ಮೊದಲಿನ ಮತ್ತು ಅತಿ ದೀರ್ಘವಾದ ವಿವಾದ ಚಿತ್ರದ ಚೌಕಟ್ಟಿನದು. 1950ರ ದಶಕದ ಆರಂಭದವರೆಗೆ ಬಹುಪಾಲು ಚಿತ್ರಗಳ ಅಗಲ ಮತ್ತು ಎತ್ತರದ ಅನುಪಾತ 1.37:1 ಇತ್ತು, ಹಳೆಯ ಟಿವಿಯ 1.33:1 ಪರದೆಗೆ ಇದು ಹೆಚ್ಚುಕಡಿಮೆ ಹೊಂದುತ್ತಿತ್ತು. 1953ರಲ್ಲಿ ‘ದ ರೋಬ್’ ಚಿತ್ರದೊಂದಿಗೆ ಬಂದ ಸಿನಿಮಾಸ್ಕೋಪ್‌ನ ಅನುಪಾತ 2.55:1, ಮುಂದೆ 2.35:1. ಇಷ್ಟು ಅಗಲದ ಬಿಂಬವನ್ನು ಟಿವಿಯಲ್ಲಿ ತೋರಿಸಲು ಇದ್ದ ದಾರಿಗಳು ಎರಡು. ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಬಿಂಬ ತೋರಿಸಬಹುದು. ಇಲ್ಲವೇ ಎಡಬಲಗಳನ್ನು ಕತ್ತರಿಸಿ ಪರದೆ ತುಂಬಿಸಬಹುದು. ಎರಡನೆಯ ವಿಧಾನಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಎಂದು ಹೆಸರು. 2.35:1ರ ಚಿತ್ರವನ್ನು ಹೀಗೆ ಕತ್ತರಿಸಿದರೆ ಬಿಂಬದ ಸುಮಾರು ಶೇ. 43 ಭಾಗ ಹೋಗುತ್ತದೆ. ಎದುರುಬದುರು ನಿಂತು ಮಾತಾಡುವ ಇಬ್ಬರಲ್ಲಿ ಒಬ್ಬರು ಪರದೆಯಿಂದಾಚೆ ಉಳಿಯುತ್ತಾರೆ. ಅಥವಾ ಛಾಯಾಗ್ರಾಹಕ ಅಲುಗಿಸದ ಕ್ಯಾಮೆರಾ ವಿಡಿಯೊದಲ್ಲಿ ಅತ್ತಿಂದಿತ್ತ ಚಲಿಸಿದಂತೆ ಕಾಣುತ್ತದೆ. ಇಂಥ ಕ್ಯಾಸೆಟ್‌ಗಳನ್ನು ‘ಫುಲ್ ಸ್ಕ್ರೀನ್’ ಎಂದು ಕರೆದು ಮಾರಿದರು. ತುಂಬಿದ್ದು ಟಿವಿಯ ಪರದೆ, ಕಡಿಮೆಯಾದದ್ದು ಚಿತ್ರ. ಕೊಳ್ಳುವವರಿಗೆ ಕೇಳಿಸಿದ್ದು ‘ಫುಲ್’ ಎಂಬ ಭರವಸೆ ಮಾತ್ರ.

ಇದಕ್ಕೆ ಪ್ರತಿಭಟನೆ ಎದ್ದದ್ದು ಚಿತ್ರ ಮಾಡುವವರಿಂದ ಮತ್ತು ಕೆಲವು ಪ್ರಕಾಶಕರಿಂದ. ವುಡಿ ಅಲೆನ್ ತಮ್ಮ ‘ಮ್ಯಾನ್‌ಹ್ಯಾಟನ್’ (1979) ವಿಡಿಯೊದಲ್ಲೂ ಪೂರ್ಣ ಅಗಲದಲ್ಲೇ ಬರಬೇಕೆಂದು ಪಟ್ಟುಹಿಡಿದರು. 1984ರಲ್ಲಿ ‘ಸಿಟಿಜನ್ ಕೇನ್’ ಲೇಸರ್ ಡಿಸ್ಕ್‌ನಿಂದ ಕೆಲಸ ಆರಂಭಿಸಿದ ಕ್ರೈಟೀರಿಯನ್ ಸಂಸ್ಥೆ ಕಪ್ಪು ಪಟ್ಟಿಯ ಪ್ರದರ್ಶನವನ್ನೇ ತನ್ನ ರೂಢಿ ಮಾಡಿಕೊಂಡಿತು. ಕಪ್ಪು ಪಟ್ಟಿ ಕಂಡು ಚಿತ್ರ ಚಿಕ್ಕದಾಯಿತೆಂದು ದೂರುವ ಗ್ರಾಹಕರನ್ನು ಒಪ್ಪಿಸಲು ಡಿವಿಡಿ ಕಾಲದಲ್ಲಿ ಕಂಪನಿಗಳು ಹೋಲಿಕೆಯ ರೇಖಾಚಿತ್ರಗಳನ್ನು ಅಚ್ಚುಹಾಕತೊಡಗಿದವು. ಫುಲ್ ಸ್ಕ್ರೀನ್‌ನಲ್ಲಿ ಎಡಬಲ ಕಳೆದುಹೋಗುತ್ತವೆ, ವೈಡ್‌ಸ್ಕ್ರೀನ್‌ನಲ್ಲಿ ಎಲ್ಲವೂ ಸಿಗುತ್ತದೆ ಎಂಬುದು ಅವುಗಳ ಸಾರಾಂಶ.

ಸಿನಿಮಾಸ್ಕೋಪ್ ಚಿತ್ರಗಳಿಗೆ ಇದು ನಿಜ. ಆದರೆ 1950ರ ದಶಕದ ಮಧ್ಯದಿಂದೀಚೆಗಿನ ಅಮೆರಿಕದ ಬಹಳಷ್ಟು ಚಿತ್ರಗಳು 1.85:1 ಅನುಪಾತದವು, ಅವುಗಳ ಕಥೆ ಬೇರೆ. ಅವನ್ನು ಸಾಮಾನ್ಯ 35 ಮಿ.ಮೀ. ಫಿಲಂನ ಪೂರ್ತಿ ಎತ್ತರದಲ್ಲೇ ಚಿತ್ರೀಕರಿಸಿ, ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ ಲೋಹದ ತಗಡಿನ ಕಿಂಡಿಯಿಟ್ಟು ಮೇಲಿನ ಮತ್ತು ಕೆಳಗಿನ ಅಂಚನ್ನು ಮರೆಮಾಡುತ್ತಿದ್ದರು. ಟಿವಿಗೆ ಕೊಡುವಾಗ ಆ ಮರೆಯನ್ನು ತೆಗೆದರೆ ಸಾಕು, ಪರದೆ ತುಂಬುತ್ತಿತ್ತು. ಎಡಬಲದಲ್ಲಿ ಏನೂ ಹೋಗುತ್ತಿರಲಿಲ್ಲ, ಮೇಲೆ ಕೆಳಗೆ ಹೆಚ್ಚೇ ಕಾಣುತ್ತಿತ್ತು. ಇದಕ್ಕೆ ಓಪನ್ ಮ್ಯಾಟ್ ಎನ್ನುತ್ತಾರೆ. ಇಂಥ ಚಿತ್ರದ ವೈಡ್‌ಸ್ಕ್ರೀನ್ ಡಿವಿಡಿಯಲ್ಲಿ ಅಗಲ ಅಷ್ಟೇ ಇದ್ದು ಎತ್ತರ ಕಡಿಮೆ ಇರುತ್ತದೆ. ಅಂದರೆ ರೇಖಾಚಿತ್ರ ಹೇಳುವುದಕ್ಕೆ ತದ್ವಿರುದ್ಧ.

ಮೆಟ್ರೊ-ಗೋಲ್ಡ್ವಿನ್-ಮೇಯರ್ (ಎಂಜಿಎಂ) ಕಂಪನಿಯ ವಿರುದ್ಧ ಅಮೆರಿಕದಲ್ಲಿ ಗ್ರಾಹಕರ ಪರವಾಗಿ ಹೂಡಿದ ಸಾಮೂಹಿಕ ಮೊಕದ್ದಮೆ ಈ ವ್ಯತ್ಯಾಸವನ್ನೇ ಆಧರಿಸಿತ್ತು. 1.85:1ರ ಚಿತ್ರಗಳ ಡಿವಿಡಿಗಳಲ್ಲೂ ವೈಡ್‌ಸ್ಕ್ರೀನ್ ಎಂದರೆ ಹೆಚ್ಚು ಬಿಂಬ ಎಂಬ ಅರ್ಥ ಬರುವ ಹೇಳಿಕೆಗಳಿವೆ ಎಂಬುದು ದೂರು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ಆದರೂ 2005ರ ಹೊತ್ತಿಗೆ ರಾಜಿಯಾಗಿ, 1998ರ ಡಿಸೆಂಬರ್‌ನಿಂದ 2003ರ ಸೆಪ್ಟೆಂಬರ್ ನಡುವೆ ಕೊಂಡ ಡಿಸ್ಕ್‌ಗಳಿಗೆ ತಲಾ 7.10 ಡಾಲರ್ ಅಥವಾ ಬದಲಿ ಡಿವಿಡಿ ಕೊಡುವುದಾಗಿ ಒಪ್ಪಿತು. ಬದಲಿ ಪಡೆಯಲು 325 ಶೀರ್ಷಿಕೆಗಳ ಪಟ್ಟಿ ಇತ್ತು. ಹೋಮ್ ವಿಡಿಯೊ ಚರಿತ್ರೆಯಲ್ಲಿ ಈ ಪ್ರಕರಣ ಮುಖ್ಯವಾದದ್ದು. ಮಾರಿದ ಡಿಸ್ಕ್‌ಗಳು ಕಲಾದೃಷ್ಟಿಯಿಂದ ಸರಿಯಾದವೇ ಆಗಿದ್ದವು. ನಿರ್ದೇಶಕರು ಸಂಯೋಜಿಸಿದ ಚೌಕಟ್ಟು 1.85:1ರದೇ. ತಪ್ಪಾಗಿದ್ದದ್ದು ಅದನ್ನು ಸಮರ್ಥಿಸಲು ಕೊಟ್ಟ ಕಾರಣ. ಹೆಚ್ಚು ಬಿಂಬ ಸಿಗುತ್ತದೆ ಎಂಬ ಲಾಭದ ಲೆಕ್ಕ ಬಿಟ್ಟು, ಚಿತ್ರಮಂದಿರದಲ್ಲಿ ಕಂಡ ಚೌಕಟ್ಟು ಇದೇ ಎಂದು ನೇರವಾಗಿ ಹೇಳಿದ್ದರೆ ದೂರಿಗೆ ಎಡೆಯೇ ಇರುತ್ತಿರಲಿಲ್ಲ.

ನಿರ್ದೇಶಕರ ಹೆಸರನ್ನು ಮುಂದಿಟ್ಟುಕೊಂಡ ಹೇಳಿಕೆಗಳನ್ನು ಇನ್ನೂ ಎಚ್ಚರದಿಂದ ಓದಬೇಕು. ಸ್ಟ್ಯಾನ್ಲಿ ಕೂಬ್ರಿಕ್ ನಿಧನರಾದ 1999ರಲ್ಲೇ ವಾರ್ನರ್ ಹೊರತಂದ ಅವರ ಚಿತ್ರಗಳ ಡಿವಿಡಿ ಸಂಪುಟದಲ್ಲಿ ‘ದ ಶೈನಿಂಗ್’, ‘ಫುಲ್ ಮೆಟಲ್ ಜಾಕೆಟ್’ ಚಿತ್ರಗಳು ಮರೆ ತೆಗೆದ 1.33:1ರಲ್ಲಿದ್ದವು, ಕೂಬ್ರಿಕ್ ಬಯಸಿದ್ದೇ ಇದು ಎಂಬ ವಿವರಣೆಯೂ ಇತ್ತು. ಅಂದಿನ ಟಿವಿಗಳಲ್ಲಿ ಪರದೆ ತುಂಬುವ ಬಿಂಬವನ್ನೇ ಅವರು ಇಷ್ಟಪಟ್ಟಿದ್ದರೆಂದು ಅವರ ಸಹಾಯಕರಾಗಿದ್ದ ಲಿಯಾನ್ ವಿಟಾಲಿ ಹೇಳಿದ್ದಾರೆ. ಆದರೆ ಹಾಗೆ ತೋರಿಸಿದಾಗ ‘ದ ಶೈನಿಂಗ್’ನ ಆರಂಭದ ದೃಶ್ಯದಲ್ಲಿ ಚಿತ್ರೀಕರಣದ ಹೆಲಿಕಾಪ್ಟರಿನ ರೆಕ್ಕೆ ಚೌಕಟ್ಟಿನ ಮೇಲಂಚಿನಲ್ಲಿ ಇಣುಕುತ್ತದೆ. ಮನೆಯ ಟಿವಿಗಾಗಿ ಮಾಡಿಕೊಂಡ ಹೊಂದಾಣಿಕೆಯೇ ಕೂಬ್ರಿಕ್ ಅವರ ಕಲಾನಿರ್ಧಾರವೆಂಬ ಅರ್ಥ ಡಿಸ್ಕ್ ಕೊಂಡವರಲ್ಲಿ ಬೇರೂರಿತು. ಅಗಲ ಪರದೆಯ ಟಿವಿ ಮನೆಮನೆಗೆ ಬಂದ ಮೇಲೆ 2007ರ ಆವೃತ್ತಿಗಳು ವೈಡ್‌ಸ್ಕ್ರೀನ್ ಆದವು. 2011ರಲ್ಲಿ ‘ಬ್ಯಾರಿ ಲಿಂಡನ್’ (1975) ಬ್ಲೂ-ರೇ ಹೊಸ ಟಿವಿಗೆ ಸರಿಹೊಂದುವ 1.78:1ರಲ್ಲಿ ಬಂತು. ಅದೇ ಸರಿ ಎಂಬ ವಾದ ನಡೆದಿರುವಾಗಲೇ, 1975ರ ಡಿಸೆಂಬರ್‌ನಲ್ಲಿ ಪ್ರೊಜೆಕ್ಟರ್ ನಡೆಸುವವರಿಗೆ ಕೂಬ್ರಿಕ್ ಬರೆದ ಪತ್ರ ಬೆಳಕಿಗೆ ಬಂತು. ಚಿತ್ರವನ್ನು 1.66:1ರಲ್ಲಿ ತೋರಿಸಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. 2017ರ ಕ್ರೈಟೀರಿಯನ್ ಆವೃತ್ತಿ ಆ ಅನುಪಾತವನ್ನೇ ಅನುಸರಿಸಿದೆ. ತೀರಿಕೊಂಡ ಕಲಾವಿದರ ಇಚ್ಛೆಯನ್ನು ಹೊದಿಕೆಯ ಮೇಲೆ ಹಾಕುವಾಗ ಅದಕ್ಕೆ ಲಿಖಿತ ಆಧಾರ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ರೀಮಾಸ್ಟರ್, ರೆಸ್ಟೋರೇಶನ್, 4ಕೆ

‘ಡಿಜಿಟಲಿ ರೀಮಾಸ್ಟರ್ಡ್’ ಎಂಬುದಕ್ಕೆ ಯಾವ ಕಾನೂನಿನಲ್ಲೂ ಉದ್ಯಮದ ಯಾವ ಒಪ್ಪಂದದಲ್ಲೂ ಬದ್ಧವಾದ ಅರ್ಥವಿಲ್ಲ. ಡಿವಿಡಿಗೆ ಹಾಕುವ ಯಾವ ಚಿತ್ರವಾದರೂ ಡಿಜಿಟಲ್ ಮಾಸ್ಟರ್ ಒಂದರ ಮೂಲಕವೇ ಹಾದುಬರಬೇಕು. ಹಾಗಾಗಿ ಸವೆದ ಪ್ರಿಂಟಿನಿಂದ ಮಾಡಿದ ಡಿಸ್ಕ್ ಮೇಲೂ ಈ ಮಾತು ಬರೆಯಬಹುದು, ಬರೆದದ್ದೂ ಉಂಟು. ಹಕ್ಕುಸ್ವಾಮ್ಯ ಇಲ್ಲದ ಚಿತ್ರಗಳಲ್ಲಿ ಈ ಹಾವಳಿ ಅತಿ ಹೆಚ್ಚು. ‘ಹಿಸ್ ಗರ್ಲ್ ಫ್ರೈಡೇ’ (1940) ಚಿತ್ರದ ಹಕ್ಕು ನವೀಕರಣವಾಗದೆ ಕಳೆದುಹೋಯಿತು. ‘ಶರೇಡ್’ (1963) ಚಿತ್ರದಲ್ಲಿ ಹಕ್ಕುಸ್ವಾಮ್ಯದ ಸೂಚನೆ ಸರಿಯಾಗಿರಲಿಲ್ಲ. ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಬಿಡುಗಡೆಗೆ ಮುಂಚೆ ಹೆಸರು ಬದಲಾಗಿ, ಹೊಸ ಶೀರ್ಷಿಕೆಯ ಮೇಲೆ ಆ ಸೂಚನೆ ಸೇರಿಸುವುದು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಅಷ್ಟರಿಂದಲೇ ಹಕ್ಕು ಹೋಯಿತು. ಯಾರು ಬೇಕಾದರೂ ಮಾರಬಹುದಾದ ಇಂಥ ಚಿತ್ರಗಳು ಲೆಕ್ಕವಿಲ್ಲದಷ್ಟು ಅಗ್ಗದ ಆವೃತ್ತಿಗಳಲ್ಲಿ ಬಂದವು. ಅವುಗಳ ಆಕರ ಎಷ್ಟೋ ಬಾರಿ ಟಿವಿ ಕೇಂದ್ರಗಳಿಗಾಗಿ ಮಾಡಿದ, ಗೀರುಬಿದ್ದ 16 ಮಿ.ಮೀ. ಪ್ರಿಂಟು. ರೊಮೆರೊ ಚಿತ್ರದ ಮೂಲ ನೆಗೆಟಿವ್‌ನಿಂದ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲಂ ಫೌಂಡೇಶನ್ ಸೇರಿ 2016ರಲ್ಲಿ ಪೂರೈಸಿದ ಪುನರುದ್ಧಾರವನ್ನು ನೋಡಿದವರಿಗೆ, ಮಸುಕು ಬೂದು ಚಿತ್ರವೆಂದು ದಶಕಗಳ ಕಾಲ ನಂಬಿದ್ದು ಎಂಥ ಚೊಕ್ಕ ಛಾಯಾಗ್ರಹಣ ಎಂದು ಗೊತ್ತಾಯಿತು.

ಅಗ್ಗದ ಹೊದಿಕೆಗಳಿಗೆ ಇನ್ನೊಂದು ಅಭ್ಯಾಸವಿತ್ತು. ಚಿತ್ರದಲ್ಲಿ ಪುಟ್ಟ ಪಾತ್ರ ಮಾಡಿ ಮುಂದೆ ಹೆಸರಾದ ನಟರ ಮುಖವನ್ನು ದೊಡ್ಡದಾಗಿ ಹಾಕುವುದು. ರೋಜರ್ ಕಾರ್ಮನ್ ಅವರ ‘ದ ಲಿಟಲ್ ಶಾಪ್ ಆಫ್ ಹಾರರ್ಸ್’ (1960) ಚಿತ್ರದಲ್ಲಿ ದಂತವೈದ್ಯರ ಬಳಿ ಬರುವ ರೋಗಿಯಾಗಿ ಕೆಲವೇ ನಿಮಿಷ ಕಾಣುವ ಜ್ಯಾಕ್ ನಿಕಲ್ಸನ್ ವಿಡಿಯೊ ಹೊದಿಕೆಗಳಲ್ಲಿ ನಾಯಕನಾಗಿಬಿಟ್ಟರು.

ದೊಡ್ಡ ಸ್ಟುಡಿಯೊಗಳ ಸಮಸ್ಯೆ ಬೇರೆ ಬಗೆಯದು. ಅವರ ಬಳಿ ನೆಗೆಟಿವ್ ಇದೆ, ಹಣವಿದೆ, ಆದರೆ ‘ಹೊಸದು’ ಎಂದು ಕಾಣಿಸುವ ಆತುರವೂ ಇದೆ. ಫಿಲಂನ ಬಿಂಬ ಬೆಳ್ಳಿಯ ಅಥವಾ ಬಣ್ಣದ ಸೂಕ್ಷ್ಮ ಕಣಗಳಿಂದ ಆದದ್ದು. ಗ್ರೇನ್ ಎಂದು ಕರೆಯುವ ಈ ಕಣಗಳೇ ಬಿಂಬ. ಬಿಂಬದ ಮೇಲೆ ಕುಳಿತ ಕೊಳೆಯಲ್ಲ. ಬ್ಲೂ-ರೇ ಆರಂಭದ ವರ್ಷಗಳಲ್ಲಿ ಗ್ರೇನ್ ಅನ್ನು ದೋಷವೆಂದು ಬಗೆದು ಕಂಪ್ಯೂಟರಿನಿಂದ ಒರೆಸಿಹಾಕುವ ರೂಢಿ ಬಂತು. 65 ಮಿ.ಮೀ. ಫಿಲಂನಲ್ಲಿ ತೆಗೆದ ‘ಪ್ಯಾಟನ್’ (1970) ಚಿತ್ರದ 2008ರ ಬ್ಲೂ-ರೇ, ‘ಸ್ಪಾರ್ಟಕಸ್’ (1960) ಚಿತ್ರದ 50ನೇ ವರ್ಷದ ಬ್ಲೂ-ರೇ (2010), ‘ಪ್ರಿಡೇಟರ್’ (1987) ಚಿತ್ರದ 2010ರ ಆವೃತ್ತಿ ಇವೆಲ್ಲ ಹೀಗೆ ಆದವು. ಮುಖದ ಸುಕ್ಕು, ಬೆವರು, ಬಟ್ಟೆಯ ನೇಯ್ಗೆ ಎಲ್ಲ ಅಳಿಸಿ ನಟರು ಮೇಣದ ಗೊಂಬೆಗಳಾದರು. ಹಳೆಯ ದೇವಾಲಯದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಎಂದು ಫಲಕ ಹಾಕಿದ ಹಾಗೆ, ಇದಕ್ಕೂ ಸುಧಾರಣೆ ಎಂಬ ಹೆಸರೇ ಇತ್ತು. ಪ್ರೇಕ್ಷಕರ ಮತ್ತು ಪುನರುದ್ಧಾರ ತಜ್ಞರ ಆಕ್ಷೇಪ ಫಲಿಸಿತು. ‘ಪ್ಯಾಟನ್’ 2012ರಲ್ಲಿ ಸರಿಯಾದ ರೂಪದಲ್ಲಿ ಬಂತು. ‘ಸ್ಪಾರ್ಟಕಸ್’ ಚಿತ್ರವನ್ನು ರಾಬರ್ಟ್ ಹ್ಯಾರಿಸ್ ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ 2015ರಲ್ಲಿ ಹೊರತಂದರು. ಕೈಯಿಂದ ಬರೆದ ಚಿತ್ರಗಳಿಗೆ ಈ ಒರೆಸುವಿಕೆ ಇನ್ನೂ ಘಾತಕ. ಡಿಸ್ನಿಯ ‘ದ ಸ್ವೋರ್ಡ್ ಇನ್ ದ ಸ್ಟೋನ್’ (1963) ಚಿತ್ರದ 2013ರ ಬ್ಲೂ-ರೇಯಲ್ಲಿ ಗ್ರೇನ್ ಜೊತೆಗೆ ಕಲಾವಿದರ ಪೆನ್ಸಿಲ್ ಗೆರೆಗಳೂ ಮಾಸಿಹೋದವು.

‘4ಕೆ’ ಈಗಿನ ಕಾಲದ ಮಂತ್ರ. ಡಿವಿಡಿಯ ಬಿಂಬ ನಮ್ಮ ಪದ್ಧತಿಯಲ್ಲಿ 720×576 ಬಿಂದುಗಳದು; ಬ್ಲೂ-ರೇಯದು 1920×1080, ಅಲ್ಟ್ರಾ ಎಚ್‌ಡಿಯದು 3840×2160. ಸಾಮಾನ್ಯ ಬ್ಲೂ-ರೇ ಮೇಲೆ ‘4ಕೆ ರೆಸ್ಟೋರೇಶನ್’ ಎಂದಿದ್ದರೆ ಅದು ಸುಳ್ಳಲ್ಲ. ಪುನರುದ್ಧಾರದ ಕೆಲಸ ಆ ಮಟ್ಟದಲ್ಲಿ ನಡೆದಿದೆ, ಡಿಸ್ಕ್‌ನಲ್ಲಿ ಇರುವುದು ಅದರ ಇಳಿಸಿದ ರೂಪ. ಸಣ್ಣ ಅಕ್ಷರದಲ್ಲಾದರೂ ಇದನ್ನು ಹೇಳುವ ಪ್ರಕಾಶಕರಿದ್ದಾರೆ, ಹೇಳದವರೂ ಇದ್ದಾರೆ. ಇನ್ನೊಂದು ಕಡೆ, ಕಡಿಮೆ ಬಿಂದುಗಳ ಹಳೆಯ ಮಾಸ್ಟರನ್ನೇ ಹಿಗ್ಗಿಸಿ ಅಲ್ಟ್ರಾ ಎಚ್‌ಡಿ ಡಿಸ್ಕ್ ಮಾಡುವುದೂ ಇದೆ. ಡಿಸ್ಕ್ ನಿಜಕ್ಕೂ 4ಕೆ, ಒಳಗಿನ ವಿವರ ಅಲ್ಲ. 2024ರಲ್ಲಿ ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’ (1986) ಮತ್ತು ‘ಟ್ರೂ ಲೈಸ್’ (1994) ಯಂತ್ರಕಲಿಕೆಯ ತಂತ್ರಾಂಶದಿಂದ ಸಂಸ್ಕರಿಸಿದ ರೂಪದಲ್ಲಿ ಬಂದಾಗ ಚರ್ಚೆ ಇನ್ನೊಂದು ತಿರುವು ಪಡೆಯಿತು. ಇಂಥ ತಂತ್ರಾಂಶ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಮೂಲ ನಿರ್ದೇಶಕರೇ ಒಪ್ಪಿದ್ದರೂ, ಪರದೆಯ ಮೇಲೆ ಕಾಣುವ ಚರ್ಮದ ರಂಧ್ರ ಕ್ಯಾಮೆರಾ ಕಂಡದ್ದೋ ಯಂತ್ರ ಬರೆದದ್ದೋ ಎಂದು ತಿಳಿಯುವ ಹಕ್ಕು ನೋಡುವವರಿಗಿದೆ.

ಬಣ್ಣ ಮತ್ತು ನಿರ್ದೇಶಕರ ಒಪ್ಪಿಗೆ

ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ತುಂಬುವ ವ್ಯಾಪಾರ ಅಮೆರಿಕದಲ್ಲಿ 1980ರ ದಶಕದಲ್ಲಿ ಜೋರಾಯಿತು. 1986ರಲ್ಲಿ ಎಂಜಿಎಂನ ಹಳೆಯ ಚಿತ್ರಭಂಡಾರ ಟೆಡ್ ಟರ್ನರ್ ಕೈಸೇರಿದ ಮೇಲೆ ಅದಕ್ಕೆ ವೇಗ ಬಂತು. ನಿರ್ದೇಶಕರು ಸಂಸತ್ತಿನವರೆಗೆ ಹೋಗಿ ಪ್ರತಿಭಟಿಸಿದ್ದರ ಫಲವಾಗಿ 1988ರ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಹುಟ್ಟಿತು. ವರ್ಷಕ್ಕೆ 25 ಚಿತ್ರಗಳನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸುವುದು, ಪಟ್ಟಿಯ ಚಿತ್ರವನ್ನು ಗಣನೀಯವಾಗಿ ಬದಲಿಸಿ ಮಾರುವವರು ಅದನ್ನು ಹೊದಿಕೆಯ ಮೇಲೆ ತಿಳಿಸುವುದು ಇದರ ಎರಡು ಮುಖ್ಯ ಅಂಶಗಳು. ಹೋಮ್ ವಿಡಿಯೊ ಹೊದಿಕೆ ಸತ್ಯ ಹೇಳಲೇಬೇಕೆಂದು ಕಾನೂನು ವಿಧಿಸಿದ ಅಪರೂಪದ ಕಾಲ ಅದು. 1992ರ ಕಾಯ್ದೆಯಲ್ಲಿ ಪಟ್ಟಿ ಉಳಿಯಿತು, ಹೊದಿಕೆಯ ನಿಯಮ ಬಿದ್ದುಹೋಯಿತು. ಮುಂದೆ ಉದ್ಯಮವೇ ಸ್ವಇಚ್ಛೆಯಿಂದ ಅಳವಡಿಸಿಕೊಂಡ, ಟಿವಿ ಪರದೆಗೆ ಹೊಂದುವಂತೆ ಚಿತ್ರವನ್ನು ಬದಲಿಸಲಾಗಿದೆ ಎಂಬ ಸೂಚನೆ ಮಾತ್ರ ಬಹುಕಾಲ ಕ್ಯಾಸೆಟ್‌ಗಳ ಆರಂಭದಲ್ಲಿ ಕಾಣುತ್ತಿತ್ತು. ಫ್ರಾನ್ಸಿನಲ್ಲಿ ತೀರ್ಪು ಗಟ್ಟಿಯಾಗಿ ಬಂತು. ಜಾನ್ ಹ್ಯೂಸ್ಟನ್ ಅವರ ‘ದ ಆಸ್ಫಾಲ್ಟ್ ಜಂಗಲ್’ (1950) ಚಿತ್ರದ ಬಣ್ಣದ ರೂಪವನ್ನು ಟಿವಿಯಲ್ಲಿ ತೋರಿಸುವುದರ ವಿರುದ್ಧ ಅವರ ವಾರಸುದಾರರು ಹೂಡಿದ ದಾವೆಯಲ್ಲಿ 1991ರಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯ ಕೃತಿಕಾರರ ನೈತಿಕ ಹಕ್ಕನ್ನು ಎತ್ತಿಹಿಡಿಯಿತು.

ಬಣ್ಣದ ಚಿತ್ರಗಳಲ್ಲೂ ಬಣ್ಣ ಬದಲಾಗುತ್ತದೆ, ಅದೂ ನಿರ್ದೇಶಕರ ಕೈಯಿಂದಲೇ. ‘ದ ಫ್ರೆಂಚ್ ಕನೆಕ್ಷನ್’ (1971) ಚಿತ್ರದ 2009ರ ಬ್ಲೂ-ರೇಗಾಗಿ ವಿಲಿಯಂ ಫ್ರೀಡ್ಕಿನ್ ಬಣ್ಣಗಳನ್ನು ಪೇಲವಗೊಳಿಸಿ ಮರುಸಂಯೋಜಿಸಿದರು. ಚಿತ್ರದ ಛಾಯಾಗ್ರಾಹಕ ಓವನ್ ರಾಯ್ಜ್‌ಮನ್ ಇದನ್ನು ಬಹಿರಂಗವಾಗಿ ಖಂಡಿಸಿದರು. 2012ರ ಆವೃತ್ತಿಯಲ್ಲಿ ಅವರೂ ಜೊತೆಗೂಡಿ ಸಹಜ ಬಣ್ಣ ಮರಳಿತು. ‘ನಿರ್ದೇಶಕರ ಒಪ್ಪಿಗೆ ಪಡೆದದ್ದು’ ಎಂಬ ಮುದ್ರೆ ಅಂದಿನ ರೂಪವನ್ನು ಖಾತರಿಪಡಿಸುವುದಿಲ್ಲ, ಇಂದಿನ ಅಭಿರುಚಿಯನ್ನು ಖಾತರಿಪಡಿಸುತ್ತದೆ. ಹಾಂಗ್‌ಕಾಂಗಿನ ವಾಂಗ್ ಕರ್-ವಾಯ್ 2021ರಲ್ಲಿ ತಮ್ಮ ಚಿತ್ರಗಳ ಸಂಪುಟ ಹೊರತಂದಾಗ ಚೌಕಟ್ಟು ಮತ್ತು ಬಣ್ಣ ಎರಡನ್ನೂ ಅಲ್ಲಲ್ಲಿ ಬದಲಿಸಿದರು. ಅಭಿಮಾನಿಗಳಲ್ಲಿ ಹಲವರು ನೊಂದುಕೊಂಡರು. ಆದರೆ ತಾವು ಬದಲಿಸಿದ್ದೇನು, ಏಕೆ ಎಂಬುದನ್ನು ಅವರು ಸಹಿ ಮಾಡಿದ ಟಿಪ್ಪಣಿಯಲ್ಲಿ ಬಿಚ್ಚಿ ಹೇಳಿದ್ದರು. ಆ ಕೆಲಸವನ್ನು ಇಷ್ಟಪಡದಿರಬಹುದು, ದಾರಿತಪ್ಪಿಸಿದರೆಂದು ಹೇಳಲಾಗದು.

ಉದ್ದ ಮತ್ತು ಧ್ವನಿ

‘ಸಂಪೂರ್ಣ’ ಎಂಬ ಹೇಳಿಕೆ ಮೂಕಿ ಚಿತ್ರಗಳಲ್ಲಿ ಹೆಚ್ಚು ತೊಡಕಿನದು. ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ (1927) ಮೊದಲ ಪ್ರದರ್ಶನಗಳ ನಂತರ ತುಂಡಾಗಿ, ದಶಕಗಳ ಕಾಲ ಮೊಟಕಾಗಿಯೇ ಉಳಿದಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕ 16 ಮಿ.ಮೀ. ಪ್ರತಿಯಿಂದ ಸುಮಾರು 25 ನಿಮಿಷ ಸೇರಿಸಿ 2010ರಲ್ಲಿ ಬಂದ ಆವೃತ್ತಿಗೆ ಅಮೆರಿಕದಲ್ಲಿ ‘ದ ಕಂಪ್ಲೀಟ್ ಮೆಟ್ರೊಪೊಲಿಸ್’ ಎಂದೇ ಹೆಸರಿಟ್ಟರು. ಅದು ಮಹತ್ವದ ಕೆಲಸ, ಸಂದೇಹವಿಲ್ಲ. ಆದರೂ ಕೆಲವು ದೃಶ್ಯಗಳು ಇಂದಿಗೂ ಸಿಕ್ಕಿಲ್ಲ, ಅವುಗಳ ಜಾಗದಲ್ಲಿ ಬರಹದ ಫಲಕಗಳಿವೆ. ಉದ್ದದ ಅಂಕಿ ಕಂಡೊಡನೆ ಕತ್ತರಿ ಬಿದ್ದಿದೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ಭಾರತ ಮತ್ತು ಯೂರೋಪಿನ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದರಿಂದ 100 ನಿಮಿಷದ ಚಿತ್ರ ಡಿವಿಡಿಯಲ್ಲಿ 96 ನಿಮಿಷಕ್ಕೆ ಮುಗಿಯುತ್ತದೆ.

‘ಡೈರೆಕ್ಟರ್ಸ್ ಕಟ್’ ಎಂದು 1992ರಲ್ಲಿ ಬಂದ ‘ಬ್ಲೇಡ್ ರನ್ನರ್’ ರಿಡ್ಲೆ ಸ್ಕಾಟ್ ಪೂರ್ಣವಾಗಿ ತಮ್ಮ ಕೈಯಿಂದ ಸಂಕಲಿಸಿದ್ದಲ್ಲ. ಅವರ ಪೂರ್ಣ ಹಿಡಿತದಲ್ಲಿ ಸಿದ್ಧವಾದದ್ದು 2007ರ ‘ಫೈನಲ್ ಕಟ್’. ‘ಸ್ಟಾರ್ ವಾರ್ಸ್’ ಅಭಿಮಾನಿಗಳಿಗೆ ಆದ ನಿರಾಸೆ ಇನ್ನೊಂದು ಬಗೆಯದು. 1977ರ ಮೂಲರೂಪ ಬೇಕೆಂದು ವರ್ಷಗಟ್ಟಲೆ ಕೇಳಿದವರಿಗೆ 2006ರಲ್ಲಿ ಅದು ಡಿವಿಡಿಯ ಬೋನಸ್ ಡಿಸ್ಕ್ ಆಗಿ ಸಿಕ್ಕಿತು. ಅದನ್ನು ತಯಾರಿಸಿದ್ದು 1993ರ ಲೇಸರ್ ಡಿಸ್ಕ್‌ಗಾಗಿ ಮಾಡಿದ್ದ ಹಳೆಯ ಮಾಸ್ಟರಿನಿಂದ.

ಧ್ವನಿಯ ವಿಷಯ ಕಡಿಮೆ ಗಮನ ಪಡೆದಿದೆ, ಅಷ್ಟೇ ಗಂಭೀರವಾದದ್ದು. ಮೊನೊ ಧ್ವನಿಯ ಚಿತ್ರಕ್ಕೆ ‘ಡಾಲ್ಬಿ 5.1’ ಎಂದು ಬರೆಯಬೇಕಾದರೆ ಯಾರೋ ಹೊಸದಾಗಿ ಮಿಶ್ರಣ ಮಾಡಿರಲೇಬೇಕು. ಎಷ್ಟೋ ಬಾರಿ ಹೆಜ್ಜೆ, ಗುಂಡು, ಗಾಳಿಯ ಸದ್ದುಗಳನ್ನೂ ಹೊಸದಾಗಿ ಸೇರಿಸಿರುತ್ತಾರೆ. ಧ್ವನಿಗಾಗಿಯೇ ಆಸ್ಕರ್ ಪಡೆದ ‘ಜಾಸ್’ (1975) ಚಿತ್ರದ 25ನೇ ವರ್ಷದ ಡಿವಿಡಿಯಲ್ಲಿ ಆ ಪ್ರಶಸ್ತಿ ಗೆದ್ದ ಮೊನೊ ಧ್ವನಿಪಥವೇ ಇರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಅದನ್ನು ಮರಳಿ ಕೊಟ್ಟರು.

ಭಾರತ ಮತ್ತು ಕನ್ನಡ

ಭಾರತದಲ್ಲಿ ಹಳೆಯ ಚಿತ್ರಗಳು ಮನೆ ಸೇರಿದ್ದು ಮುಖ್ಯವಾಗಿ ವಿಸಿಡಿಯ ಮೂಲಕ. ಅದರ ಬಿಂಬ 352×288 ಬಿಂದುಗಳದು, ಡಿವಿಡಿಯ ನಾಲ್ಕನೇ ಒಂದು ಭಾಗಕ್ಕೂ ಕಡಿಮೆ. ಧ್ವನಿ ಹೆಚ್ಚೆಂದರೆ ಸ್ಟೀರಿಯೊ. ವಿಸಿಡಿ ಹೊದಿಕೆಯ ಮೇಲೆ ‘ಡಿಟಿಎಸ್’ ಎಂದಿದ್ದರೆ ಅದು ಚಿತ್ರಮಂದಿರದ ಪ್ರಿಂಟಿನ ಗುಣವಾಗಬಹುದೇ ಹೊರತು ಒಳಗಿನ ಡಿಸ್ಕ್‌ನದಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳು ಸಾಮಾನ್ಯರ ಕೈಗೆಟುಕಿದವು. ಆ ಉಪಕಾರ ದೊಡ್ಡದು. ಒಂದೇ ಡಿವಿಡಿಯಲ್ಲಿ ಎರಡು ಮೂರು ಚಿತ್ರಗಳನ್ನು ತುರುಕುವ ರೂಢಿಯೂ ಆಗ ಮಾರುಕಟ್ಟೆಯಲ್ಲಿ ಹಬ್ಬಿತ್ತು. ಚಿತ್ರಗಳ ಸಂಖ್ಯೆ ಹೆಚ್ಚಾದಷ್ಟೂ ಪ್ರತಿಯೊಂದರ ಪಾಲಿನ ದತ್ತಾಂಶ ಕಡಿಮೆಯಾಗಿ ಬಿಂಬ ಕದಡುತ್ತದೆ.

ಇಲ್ಲಿ ಬಣ್ಣ ತುಂಬುವ ಅಲೆ 2004ರ ನವೆಂಬರ್‌ನಲ್ಲಿ ಬಂದ ವರ್ಣದ ‘ಮುಘಲ್-ಎ-ಆಜಮ್’ನಿಂದ ಎದ್ದಿತು. 1960ರ ಮೂಲ ಚಿತ್ರ 197 ನಿಮಿಷದ್ದು, ಬಣ್ಣದ್ದು 177 ನಿಮಿಷ. ಶೀಷ್ ಮಹಲಿನ ಹಾಡು ಮೂಲದಲ್ಲೇ ಟೆಕ್ನಿಕಲರ್‌ನಲ್ಲಿತ್ತು. ಕಪ್ಪು-ಬಿಳುಪಿನಿಂದ ಒಮ್ಮೆಗೇ ಬಣ್ಣಕ್ಕೆ ಹೊರಳುವ ಆ ಪರಿಣಾಮ ಇಡೀ ಚಿತ್ರ ಬಣ್ಣವಾದಾಗ ಇಲ್ಲವಾಯಿತು. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿ ಅವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲೂ ದೊರೆ-ಭಗವಾನ್ ಅವರ ‘ಕಸ್ತೂರಿ ನಿವಾಸ’ (1971) 2014ರಲ್ಲೂ ಬಣ್ಣದಲ್ಲಿ ತೆರೆಗೆ ಮರಳಿದವು. ಡಾ. ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ಎಂದೂ ನೋಡದ ತಲೆಮಾರು ಆಗ ಚಿತ್ರಮಂದಿರಕ್ಕೆ ಬಂತು. ಆ ಸಂಭ್ರಮವನ್ನು ಕಡೆಗಣಿಸುವಂತಿಲ್ಲ. ಆದರೆ ಹಳೆಯ ಕನ್ನಡ ಚಿತ್ರಕ್ಕೆ ‘ಸಿನಿಮಾಸ್ಕೋಪ್’ ಎಂಬ ಹಣೆಪಟ್ಟಿ ಹಚ್ಚುವಾಗ ಯೋಚಿಸಬೇಕು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಗುರುತಿಸುವುದು 1977ರ ‘ಸೊಸೆ ತಂದ ಸೌಭಾಗ್ಯ’ವನ್ನು. ಅದಕ್ಕಿಂತ ಮೊದಲಿನ 1.37:1ರ ಚಿತ್ರವನ್ನು 2.35:1ಕ್ಕೆ ತರಬೇಕಾದರೆ ಬಿಂಬದ ಎತ್ತರದಲ್ಲಿ ಶೇ. 40ಕ್ಕಿಂತ ಹೆಚ್ಚು ಕತ್ತರಿಸಬೇಕು, ಇಲ್ಲವೇ ಮುಖಗಳನ್ನು ಅಡ್ಡಕ್ಕೆ ಎಳೆಯಬೇಕು. ಕಿರೀಟ ಹೋಗುತ್ತದೆ, ಕಾಲಗೆಜ್ಜೆ ಹೋಗುತ್ತದೆ. ಪರದೆ ಅಗಲವಾಗುತ್ತದೆ ಎಂದು ಹೇಳುವ ಪೋಸ್ಟರ್ ಹೋದದ್ದನ್ನು ಹೇಳುವುದಿಲ್ಲ.

ಪ್ರಾಮಾಣಿಕ ವಿವರಣೆ ಹೇಗಿರಬೇಕೆಂಬುದಕ್ಕೂ ಭಾರತೀಯ ಚಿತ್ರಗಳಲ್ಲೇ ಮಾದರಿಯಿದೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ಸಿಕ್ಕಿದ್ದವು. ಸುಟ್ಟು ಮುರುಟಿದ್ದ ಫಿಲಂಗೆ ಬೊಲೊನ್ಯದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದಲ್ಲಿ ತೇವ ಕೊಟ್ಟು ಬಿಡಿಸಿ, 2015ರಲ್ಲಿ 4ಕೆ ಪುನರುದ್ಧಾರ ಮುಗಿಸಿದರು. ‘ಪಥೇರ್ ಪಾಂಚಾಲಿ’ಯಲ್ಲಿ ಸುಮಾರು ಶೇ. 40, ‘ಅಪರಾಜಿತೊ’ದಲ್ಲಿ ಶೇ. 60ಕ್ಕಿಂತ ಹೆಚ್ಚು ಭಾಗಕ್ಕೆ ಮಾತ್ರ ಮೂಲ ನೆಗೆಟಿವ್ ಬಳಸಲು ಸಾಧ್ಯವಾಯಿತು, ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು ಎಂಬುದನ್ನು ಕ್ರೈಟೀರಿಯನ್ ಮರೆಮಾಚಲಿಲ್ಲ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) 2024ರ ವೆನಿಸ್ ಚಿತ್ರೋತ್ಸವದಲ್ಲಿ ಪುನರುದ್ಧಾರಗೊಂಡು ಪ್ರದರ್ಶಿತವಾದಾಗಲೂ ಕೆಲಸ ಮಾಡಿದವರು ಯಾರು, ಬಳಸಿದ ನೆಗೆಟಿವ್ ಎಲ್ಲಿಯದು ಎಂಬುದೆಲ್ಲ ಪ್ರಕಟವಾಯಿತು. ಅದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವ್. ಆಕರ, ಸ್ಕ್ಯಾನಿನ ಮಟ್ಟ, ಚೌಕಟ್ಟು, ಮೂಲ ಧ್ವನಿ ಇದೆಯೇ ಇಲ್ಲವೇ, ಉದ್ದ ಎಷ್ಟು ಎಂಬ ನಾಲ್ಕೈದು ಸಾಲಿಗೆ ಯಾವ ಹೊದಿಕೆಯಲ್ಲೂ ಜಾಗ ಸಾಲದೆ ಹೋಗುವುದಿಲ್ಲ.

ಕಾನೂನು ಮತ್ತು ಡಿಸ್ಕ್ ನಂತರದ ಕಾಲ

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ವ್ಯಾಖ್ಯಾನಿಸುತ್ತದೆ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರಲ್ಲಿ ಸೇರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪೆಸಗಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೆಲವು ನೂರು ರೂಪಾಯಿಯ ಡಿಸ್ಕ್‌ಗಾಗಿ ದೂರು ಕೊಡುವವರು ವಿರಳ. ಚಿತ್ರದ ರೂಪವನ್ನು ಕಾಪಾಡುವ ವಿಷಯದಲ್ಲಂತೂ ನಮ್ಮ ಕೃತಿಸ್ವಾಮ್ಯ ಕಾಯ್ದೆ ಚಲನಚಿತ್ರದ ಕರ್ತೃ ಎಂದು ಗುರುತಿಸುವುದು ನಿರ್ಮಾಪಕರನ್ನು. 2025ರಲ್ಲಿ ‘ರಾಂಝಣಾ’ (2013) ಚಿತ್ರದ ತಮಿಳು ರೂಪವನ್ನು ಕೃತಕ ಬುದ್ಧಿಮತ್ತೆಯಿಂದ ಬದಲಿಸಿದ ಅಂತ್ಯದೊಂದಿಗೆ ಮರುಬಿಡುಗಡೆ ಮಾಡಿದಾಗ ನಿರ್ದೇಶಕ ಆನಂದ್ ಎಲ್. ರಾಯ್ ಅವರ ಆಕ್ಷೇಪ ಬಿಡುಗಡೆಯನ್ನು ತಡೆಯಲಿಲ್ಲ.

ಸ್ಟ್ರೀಮಿಂಗ್ ಬಂದ ಮೇಲೆ ಓದಲು ಹೊದಿಕೆಯೇ ಇಲ್ಲ. ಯಾವ ಮಾಸ್ಟರ್, ಯಾವ ವರ್ಷದ್ದು, ಎಷ್ಟು ಉದ್ದ ಎಂಬುದನ್ನು ಪರಿಶೀಲಿಸಲು ನೋಡುಗರ ಕೈಯಲ್ಲಿ ವಸ್ತುವಿಲ್ಲ, ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಸದ್ದಿಲ್ಲದೆ ಇಡಬಹುದು. 2023ರ ಜೂನ್‌ನಲ್ಲಿ ‘ದ ಫ್ರೆಂಚ್ ಕನೆಕ್ಷನ್’ನ ಸ್ಟ್ರೀಮಿಂಗ್ ರೂಪದಲ್ಲಿ, ಪೊಲೀಸ್ ಅಧಿಕಾರಿ ಡಾಯ್ಲ್ ಜನಾಂಗೀಯ ನಿಂದನೆ ಆಡುವ ಕೆಲವು ಸೆಕೆಂಡುಗಳ ಭಾಗ ಕಾಣೆಯಾಗಿರುವುದನ್ನು ಪ್ರೇಕ್ಷಕರು ಪತ್ತೆಮಾಡಿದರು. ಚಿತ್ರ ಬದಲಾಗಿದೆ ಎಂಬ ಸೂಚನೆ ಪರದೆಯ ಮೇಲಾಗಲಿ ವಿವರಣೆಯಲ್ಲಾಗಲಿ ಇರಲಿಲ್ಲ. ಹಿಂದೆ ಮಾರಾಟವಾದ ಡಿವಿಡಿ ಮತ್ತು ಬ್ಲೂ-ರೇಗಳಲ್ಲಿ ಆ ಭಾಗ ಹಾಗೆಯೇ ಇದೆ.